ಆಪಂ ಅಂಗಡಿಯ ಬೆಳ್ಳಿ

ಪೇಟೆ, ಕೊಲಂಬೊ
12 ಜುಲೈ 1918

ನನ್ನ ಮುದ್ದು ಲೈಸಾಗೆ,

ಅಮ್ಮನ ಆಶೀರ್ವಾದ. ಗಾಲೆಯಲ್ಲಿ ನೀನೂ ಚಿಕ್ಕಮ್ಮನೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಗಂಡಿನವರು ಕೇಳಿದ್ದಾರೆಂದು ನಿನ್ನ ಮದುವೆಗೆ ಕೂಡಿಟ್ಟಿದ್ದ ನೂರು ಬೆಳ್ಳಿ ರೂಪಾಯಿ ಈಗ ಪೆಟ್ಟಿಗೆಯಲ್ಲಿಲ್ಲ. ಅಲ್ಲಿ ನೋಟುಗಳಿವೆ. ಬೇರೆ ಯಾರೋ ಹೇಳುವ ಮೊದಲು ನಾನೇ ತಿಳಿಸುತ್ತಿದ್ದೇನೆ.

ಬೊಂಬಾಯಿಯಲ್ಲಿ ಜನ ನೋಟು ಬೇಡ, ಬೆಳ್ಳಿಯೇ ಬೇಕೆಂದು ಮುಗಿಬಿದ್ದಿದ್ದರು. ಅಲ್ಲಿನ ಸರ್ಕಾರಕ್ಕೆ ನಮ್ಮ ಸರ್ಕಾರ ತನ್ನ ಖಜಾನೆಯ ಬೆಳ್ಳಿಯನ್ನು ಸಾಲ ಕೊಟ್ಟಿತು. ಅದನ್ನು ಬಂದರಿಗೆ ಸಾಗಿಸುವ ಕೆಲಸ ನಿನ್ನ ಅಪ್ಪನ ಬಂಡಿಗಳಿಗೆ ಬಂತು. ಯಾರಾದರೂ ಕೇಳಿದರೆ ಮೊಳೆಯ ಪೆಟ್ಟಿಗೆ ಎನ್ನಬೇಕು, ಎಲ್ಲೂ ನಿಲ್ಲಿಸಬಾರದು ಎಂದು ಅಪ್ಪಣೆ. ಆದರೆ ಸಮುದ್ರದಲ್ಲಿ ಹಡಗು ಮುಳುಗಿಸುವ ಜರ್ಮನರ ಭಯ. ಬಂಡಿಯವರು ಅರಳಿಮರದ ಬಳಿ ನಿಂತು, ಹಡಗು ಸುಖವಾಗಿ ತಲುಪಲೆಂದು ಬಿಳಿ ಬಟ್ಟೆಯಲ್ಲಿ ನಾಣ್ಯ ಸುತ್ತಿ ಹರಕೆ ಕಟ್ಟಿದರು. ಅಪ್ಪ ಬೇಡವೆನ್ನಲಿಲ್ಲ, ತಾವೂ ಒಂದು ಕಟ್ಟಿದರು. ಮೀನು ಮಾರುವ ಬಾಬಾ ನೋನಾ ನೋಡಿಬಿಟ್ಟಳು. "ಏನ್ ಮೇಸ್ತ್ರಿ, ಮೊಳೆಗೂ ದೇವ್ರು ಬೇಕಾಯ್ತಾ?" ಎಂದಳಂತೆ.

ಖಜಾನೆಯ ಬೆಳ್ಳಿ ಹಡಗು ಹತ್ತಿತೆಂಬ ಸುದ್ದಿ ಅವಳ ಬಾಯಿಂದ ಹರಡಿ, ಮರುದಿನ ಬೆಳಿಗ್ಗೆ ಪೇಟೆಯೆಲ್ಲ ನೋಟು ಹಿಡಿದು ಬೆಳ್ಳಿಗಾಗಿ ಬೀದಿಗೆ ಬಂತು. ಚಿಲ್ಲರೆ ಕೊಡುವವರು ಐದು ರೂಪಾಯಿ ನೋಟಿಗೆ ಇಪ್ಪತ್ತೈದು ಸೆಂಟ್ಸ್ ಮುರಿದುಕೊಳ್ಳತೊಡಗಿದರು. ಗಲಾಟೆ ಬೆಳೆದರೆ ಅಪ್ಪನಿಗೆ ಜೈಲು. ಅವರು ಒಲೆಯ ಬಳಿ ಕೂತು, "ನನ್ನಿಂದಾನೇ ಆಯ್ತು ಕಣೇ" ಎಂದರು.

ನಾನು ನಿನ್ನ ಬೆಳ್ಳಿಯನ್ನು ನಮ್ಮ ಆಪಂ ಅಂಗಡಿಯ ಹಲಗೆಯ ಮೇಲೆ ಸುರಿದೆ. "ನೋಟು ಕೊಡಿ, ಪೂರ್ತಿ ಬೆಳ್ಳಿ ತಗೊಳ್ಳಿ. ಆಪಂ ತಿಂದ್ರೂ ಸರಿ, ಬಿಟ್ರೂ ಸರಿ" ಎಂದು ಕೂಗಿದೆ.

"ತಲೆ ಕೆಟ್ಟಿದ್ಯಾ ಅಕ್ಕಾ? ಮಗಳ ಮದ್ವೆ ದುಡ್ಡು!" ಎಂದಳು ಬಾಬಾ ನೋನಾ.

"ನೋಟೂ ದುಡ್ಡೇ ಅಲ್ವೇನೇ? ನಿನ್ನ ಮೀನಿನ ಹಾಗೆ ಸಂಜೆಗೆ ನಾರಲ್ಲ" ಎಂದೆ.

ಜನ ನಕ್ಕರು. ಬೆಳ್ಳಿ ಮುಗಿಯುವ ಹೊತ್ತಿಗೆ ಅಂಗಡಿಯ ಮುಂದೆ ನಿಂತಿದ್ದ ಸಾಲು ಅರ್ಧ ಕರಗಿತ್ತು. ಆಪಂ ಮಾರುವವಳೇ ಬೆಳ್ಳಿ ಕೊಟ್ಟು ನೋಟು ಕೂಡಿಡುತ್ತಿದ್ದಾಳೆ ಎಂದರೆ ಭಯವೇನು ಎಂದುಕೊಂಡು ಹೋದರು. ಸಂಜೆ ಬಾಬಾ ನೋನಾ ಕೂಡ ಗೊಣಗುತ್ತಲೇ ಮೀನಿಗೆ ನೋಟು ತೆಗೆದುಕೊಂಡಳು. ಅಪ್ಪನನ್ನು ಯಾರೂ ವಿಚಾರಣೆಗೆ ಕರೆಯಲಿಲ್ಲ.

ಸರ್ಕಾರ ಸರ್ಕಾರಕ್ಕೆ ಕೊಟ್ಟ ಸಾಲದಲ್ಲಿ ನಿನ್ನ ನೂರು ರೂಪಾಯಿಯೂ ಸೇರಿದೆ ಎಂದೇ ನಾನು ತಿಳಿದಿದ್ದೇನೆ. ನನಗೆ ಹೆಮ್ಮೆಯಿದೆ, ನಿನಗೂ ಇರಲಿ. ಗಂಡಿನವರು ನೋಟು ನೋಡಿ ಮುಖ ಸಿಂಡರಿಸಿದರೆ ನೀನು ತಲೆ ತಗ್ಗಿಸಬೇಡ.

ನಿನ್ನ ಅಮ್ಮ,
ಎಂಗಲ್ತಿನಾ

ಇನ್ನೊಂದು ಮಾತು: ಎಲ್ಲರಿಗಿಂತ ಮೊದಲು ಬಂದು ಮೂವತ್ತು ಬೆಳ್ಳಿ ರೂಪಾಯಿ ಒಯ್ದವರು ನಿನ್ನ ಮಾವನಾಗುವವರೇ. ಮುಖ ಕಾಣದಂತೆ ತಲೆಗೆ ವಲ್ಲಿ ಸುತ್ತಿಕೊಂಡಿದ್ದರು. ನಾನೂ ಗುರುತು ಹತ್ತದವಳಂತೆ ಎಣಿಸಿ ಕೊಟ್ಟೆ.