ಹದಿನೆಂಟು ನಿಮಿಷದ ಬಿಸಿಲು

ನಗರದ ಬಿಸಿಲನ್ನು ಅಳೆದು ಊರಿಗೆ ಸಾರುವ ಮಾನ್ಯ ಅಧಿಕಾರಿಗಳೇ,

ಕಳೆದ ತಿಂಗಳ ಹನ್ನೊಂದನೆಯ ತಾರೀಖು ಈ ನಗರದಲ್ಲಿ ‘ಬಿಸಿಲ ದಿನ’ವಾಗಿರಲಿಲ್ಲ ಎಂದು ನೀವು ಸಹಿ ಹಾಕಿ ಕೊಟ್ಟ ಒಂದು ಹಾಳೆಯಿಂದ ನನ್ನ ಅಕ್ಕನ ಕೆಲಸ ಹೋಗುವುದರಲ್ಲಿದೆ. ಹತ್ತೊಂಬತ್ತು ವರ್ಷ ಮಾಡಿದ ಕೆಲಸ. ಬರುವ ಗುರುವಾರ ವಿಚಾರಣೆ. ಅಲ್ಲಿಗೆ ನಿಮ್ಮ ಹಾಳೆ ಸಾಕ್ಷಿಯಾಗಿ ಬರುತ್ತದೆ, ನೀವು ಬರುವುದಿಲ್ಲ. ಆದ್ದರಿಂದ ನಿಮ್ಮನ್ನು ಹೀಗೆ ಬಹಿರಂಗ ಪತ್ರ ಬರೆದು ನಾಲ್ಕು ಜನರ ಎದುರಿನಲ್ಲೇ ಮಾತನಾಡಿಸಬೇಕಾಗಿ ಬಂತು, ಬೇಸರ ಮಾಡಿಕೊಂಡರೆ ಮಾಡಿಕೊಳ್ಳಿ.

ನಾವಿಬ್ಬರೂ ದೊಡ್ಡಾಸ್ಪತ್ರೆಯ ಲಾಂಡ್ರಿಯವರು. ಅಕ್ಕ ತಾರಸಿಯ ಮೇಲೆ ಬೆಡ್‌ಶೀಟು ಒಣಹಾಕುತ್ತಾಳೆ, ನಾನು ಕೆಳಗಿನ ಕೋಣೆಯಲ್ಲಿ ಮಡಚುತ್ತೇನೆ. ಹಸಿ ಬಟ್ಟೆ ಮಡಚಿದರೆ ಮುಗ್ಗಲು ವಾಸನೆ ಬರುತ್ತದೆ. ಹಾಗಾಗಿ ಪ್ರತಿ ಹಗ್ಗಕ್ಕೂ ಬಟ್ಟೆ ಹಾಕಿದ ಹೊತ್ತು, ತೆಗೆದ ಹೊತ್ತು ಬರೆದಿಡುವ ಒಂದು ಪುಸ್ತಕವಿದೆ. ಅದನ್ನು ಬರೆಯುವವಳು ನಾನು. ನಿಮ್ಮಂತೆ ನಾನೂ ಹವಾಮಾನದ ದಾಖಲೆ ಇಡುತ್ತೇನೆ ಎನ್ನುವುದು ನನಗೇ ಈ ವರ್ಷ ತಿಳಿಯಿತು. ನಿಮಗೆ ಕುರ್ಚಿ ಇದೆ, ನನಗೆ ಮಡಚುವ ಮೇಜು, ಅಷ್ಟೇ ವ್ಯತ್ಯಾಸ.

ಹಿಂದೆಲ್ಲ ಚಳಿಗಾಲದಲ್ಲಿ ಒಂದು ಬೆಡ್‌ಶೀಟು ಒಣಗಲು ಮೂರು ಗಂಟೆ ಹಿಡಿಯುತ್ತಿತ್ತು. ನಡು ಬೇಸಿಗೆಯಲ್ಲೂ ಗಂಟೆಯ ಮೇಲೆ ಬೇಕಿತ್ತು. ಈ ಸಲ ಚಳಿಗಾಲ ಬಂದದ್ದೇ ಗೊತ್ತಾಗಲಿಲ್ಲ, ಸ್ವೆಟರುಗಳು ಪೆಟ್ಟಿಗೆಯಲ್ಲೇ ವರ್ಷ ಕಳೆದವು. ಆಗಲೇ ಒಂದು ಗಂಟೆಗೆ ಬಟ್ಟೆ ಗರಿಗರಿ. ಬೇಸಿಗೆ ಕಾಲಿಡುವ ಮೊದಲೇ ನಲವತ್ತು ನಿಮಿಷ, ಆಮೇಲೆ ಇಪ್ಪತ್ತೈದು, ಕೊನೆಗೆ ಹದಿನೆಂಟು. ನೀವು ಆ ತಿಂಗಳುಗಳಲ್ಲಿ ‘ವಾಡಿಕೆಗಿಂತ ತುಸು ಹೆಚ್ಚು’ ಎಂದು ಪ್ರಕಟಿಸಿದಿರಿ. ಆ ‘ತುಸು’ ಎನ್ನುವ ಮಾತನ್ನು ಯಾವ ತಕ್ಕಡಿಯಲ್ಲಿ ತೂಗಿದಿರಿ ಎಂದು ಕೇಳಬಹುದೇ?

ಬಟ್ಟೆ ಬೇಗ ಒಣಗಿದರೆ ನಿಮಗೇನು ಕಷ್ಟ ಎನ್ನಬಹುದು. ನಾನೂ ಹಾಗೇ ಅಂದುಕೊಂಡೆ. ಪುಸ್ತಕದ ಷರಾ ಕಾಲಮಿನಲ್ಲಿ, ಯಾರೂ ಕೇಳದಿದ್ದರೂ, ‘ಈ ತಿಂಗಳು ಕೆಲಸ ಬೇಗ ಮುಗಿಯುತ್ತಿದೆ’ ಎಂದು ದುಂಡಗೆ ಬರೆದೆ. ನಮ್ಮ ಲಾಂಡ್ರಿಗೆ ಒಳ್ಳೆಯ ಹೆಸರು ಬರಲಿ ಎಂಬ ಹುಮ್ಮಸ್ಸು. ಮೇಲ್ವಿಚಾರಕರು ಓದಿದರು. ಮರುವಾರವೇ ಆರು ಹಗ್ಗ ಇದ್ದದ್ದು ಹತ್ತಾಯಿತು, ಪಕ್ಕದ ಆಸ್ಪತ್ರೆಯ ಬಟ್ಟೆಯೂ ನಮ್ಮ ತಾರಸಿಗೇ ಬಂತು. ಬಟ್ಟೆ ಒಣಗುವ ಹೊತ್ತೇ ಅಕ್ಕ ನೀರಿನ ಟ್ಯಾಂಕಿನ ನೆರಳಿಗೆ ಕೂರುವ ಹೊತ್ತಾಗಿತ್ತು ಎಂಬುದು ಬರೆಯುವಾಗ ನನ್ನ ತಲೆಗೇ ಹೋಗಲಿಲ್ಲ. ಅದು ಯಾವ ನಿಯಮದಲ್ಲೂ ಇರದ ವಿರಾಮ, ಬಿಸಿಲು ಕೊಡುತ್ತಿದ್ದ ವಿರಾಮ. ಹತ್ತು ಹಗ್ಗಕ್ಕೆ ಬಟ್ಟೆ ಹಾಕಲು ಅರ್ಧ ಗಂಟೆ ಬೇಕು. ಹತ್ತನೆಯದನ್ನು ಮುಟ್ಟುವಷ್ಟರಲ್ಲಿ ಮೊದಲನೆಯದು ಒಣಗಿ ಕರೆಯುತ್ತಿತ್ತು. ಅಕ್ಕ ಕೂರುವುದೇ ನಿಂತುಹೋಯಿತು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ.

ಹನ್ನೊಂದರಂದು ಮಧ್ಯಾಹ್ನ ಅವಳು ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದು, ಒಗೆಯುವ ಕೋಣೆಯ ನಲ್ಲಿಯ ಕೆಳಗೆ ಸೀರೆ ಸಮೇತ ಕುಸಿದಳು. ಕ್ಲಿಪ್ಪು ಹಾಕದೆ ಬಿಟ್ಟು ಬಂದ ನಾಲ್ಕು ಬೆಡ್‌ಶೀಟುಗಳು ಗಾಳಿಗೆ ಹಾರಿದವು. ಮೂರು ರಸ್ತೆಗೆ ಬಿದ್ದವು. ನಾಲ್ಕನೆಯದು ಮೇಲ್ವಿಚಾರಕರ ಕಾರಿಗೆ ನೀಟಾಗಿ ಹೊದಿಕೆಯಾಯಿತು. ಬಹುಶಃ ಅದೇ ತೊಂದರೆಯಾಯಿತು.

“ಕಣ್ಣೆಲ್ಲ ಬೆಳ್ಳಗಾಗೋಯ್ತು ಕಣೇ,” ಎಂದಳು ಅಕ್ಕ, ಎಚ್ಚರವಾದ ಮೇಲೆ. “ಬಟ್ಟೆ ಯಾವ್ದು, ಬಿಸ್ಲು ಯಾವ್ದು ಅಂತಾನೇ ಗೊತ್ತಾಗ್ಲಿಲ್ಲ. ಬಟ್ಟೆಗಳು ಬಿದ್ದೋದ್ವಾ?”

ಸಾಯುವ ಹಾಗಾಗಿದ್ದವಳು ಮೊದಲು ಕೇಳಿದ್ದು ಬಟ್ಟೆಗಳ ಬಗ್ಗೆ. ಅವಳ ಮೇಲಿರುವ ಆರೋಪ, ‘ಕರ್ತವ್ಯದಲ್ಲಿ ಅಸಡ್ಡೆ ತೋರಿ ಅನುಮತಿಯಿಲ್ಲದೆ ಸ್ಥಳ ತ್ಯಜಿಸಿದ್ದು’. ನಲವತ್ತು ಡಿಗ್ರಿ ಮುಟ್ಟಿದ ದಿನವನ್ನು ‘ಬಿಸಿಲ ದಿನ’ ಎಂದು ಸಾರಿ ಬಯಲಿನ ಕೆಲಸ ನಿಲ್ಲಿಸಬೇಕೆಂಬ ನಿಯಮವಿದೆ. ಅಂದು ನಿಮ್ಮ ಲೆಕ್ಕದಲ್ಲಿ ಮೂವತ್ತೊಂಬತ್ತು ಪಾಯಿಂಟ್ ಎಂಟು. ಹಿಂದಿನ ದಿನ ಮೂವತ್ತೊಂಬತ್ತು ಪಾಯಿಂಟ್ ಏಳು. ಅದರ ಹಿಂದಿನ ವಾರವಿಡೀ ಹೀಗೆಯೇ. ಈ ನಗರದ ಬಿಸಿಲು ಇಡೀ ಬೇಸಿಗೆ ನಲವತ್ತರ ಹೊಸ್ತಿಲವರೆಗೆ ಬಂದು, ಒಳಗೆ ಬರಲು ಸಂಕೋಚಪಡುವ ನೆಂಟರ ಹಾಗೆ ನಿಂತೇ ಇತ್ತು.

ಆ ಸಂಕೋಚದ ಕಾರಣ ತಿಳಿಯಲು ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಮೀಟಿಂಗಿನಲ್ಲಿದ್ದಿರಿ. ನಿಮ್ಮ ಗುಮಾಸ್ತರು ಒಳ್ಳೆಯವರು, ಥರ್ಮಾಮೀಟರ್ ತೋರಿಸಿದರು. ಆಗಷ್ಟೇ ನೀರು ಬಿಟ್ಟ ಹುಲ್ಲುಹಾಸು, ಸುತ್ತ ಮರ, ನಡುವೆ ಬಿಳಿ ಬಣ್ಣದ ಮರದ ಪೆಟ್ಟಿಗೆ. ನಮ್ಮ ತಾರಸಿಯಲ್ಲಿ ಅಕ್ಕನಿಗಿಲ್ಲದ ವೈಭೋಗವೆಲ್ಲ ಅದಕ್ಕಿತ್ತು.

“ಇದು ನೆರಳಿನ ಗಾಳಿ ಅಳೆಯೋದಮ್ಮಾ. ಎಲ್ಲ ಕಡೆ ನಿಯಮ ಹಂಗೇ,” ಎಂದರು.

“ನಮ್ಮ ಹಗ್ಗಾನೂ ನೆರಳಲ್ಲೇ ಕಟ್ಟಿದ್ರೆ ಚೆನ್ನಾಗಿರ್ತಿತ್ತು ಸಾರ್,” ಎಂದೆ. “ಆದ್ರೆ ಬಟ್ಟೆ ಒಣಗ್ಬೇಕಲ್ಲ.”

ಅವರು ನಗಲಿಲ್ಲ, ಕುಡಿಯಲು ನೀರು ಕೊಟ್ಟರು.

ನಿಮ್ಮ ಥರ್ಮಾಮೀಟರ್ ಸುಳ್ಳು ಹೇಳುತ್ತದೆ ಎಂದು ನಾನು ಹೇಳುತ್ತಿಲ್ಲ. ಹುಲ್ಲುಹಾಸಿನ ಬಗ್ಗೆ ಅದು ನಿಜವನ್ನೇ ಹೇಳುತ್ತಿದೆ. ಆದರೆ ಹುಲ್ಲುಹಾಸಿನಲ್ಲಿ ಬೆಡ್‌ಶೀಟು ಹರವುವವರು ಯಾರು? ‘ನಗರದಲ್ಲಿ’ ಎಂದು ಬರೆಯುವಾಗ ಸಿಮೆಂಟಿನ ತಾರಸಿ ನಗರದಿಂದ ಹೊರಗಿತ್ತೇ? ನೆರಳಿನ ಅಳತೆ ನೋಡಿ ಬಿಸಿಲಿನಲ್ಲಿ ನಿಂತವಳಿಗೆ ‘ನಿನಗೇನೂ ಆಗಿಲ್ಲ’ ಎಂದು ಬರೆದುಕೊಡಲು ನಿಮಗೆ ಅಧಿಕಾರ ಕೊಟ್ಟವರು ಯಾರು?

ಅಕ್ಕ ‘ತಪ್ಪಾಯ್ತು ಅಂತ ಬರ್ಕೊಟ್ಬಿಡ್ತೀನಿ, ಹೋಗ್ಲಿ ಬಿಡು’ ಎನ್ನುತ್ತಿದ್ದಾಳೆ. ನಾನು ಪೆನ್ನು ಬಚ್ಚಿಟ್ಟಿದ್ದೇನೆ. ಈ ಮನೆಯಿಂದ ಒಂದು ತಪ್ಪು ಬರಹ ಹೋಗಿದ್ದು ಸಾಕು.

ನಾನು ಕೇಳುವುದು ಇಷ್ಟೇ. ಗುರುವಾರದೊಳಗೆ ಆ ಹಾಳೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಆಗದಿದ್ದರೆ, ಯಾವುದೇ ದಿನ ಮಧ್ಯಾಹ್ನ ಎರಡಕ್ಕೆ ನಮ್ಮ ತಾರಸಿಗೆ ಬನ್ನಿ. ಛತ್ರಿ ಬೇಡ, ಅಕ್ಕನಿಗೂ ಇರಲಿಲ್ಲ. ಒಂದು ಒದ್ದೆ ಬೆಡ್‌ಶೀಟನ್ನು ನೀವೇ ಹಗ್ಗಕ್ಕೆ ಹಾಕಿ, ಅದು ಒಣಗುವವರೆಗೆ ಪಕ್ಕದಲ್ಲಿ ನಿಂತಿರಿ. ಆಮೇಲೂ ನಿಮಗೆ ಹಾಗೇ ಅನ್ನಿಸಿದರೆ, ಅಲ್ಲೇ ನಿಂತು ‘ಇಂದು ಬಿಸಿಲ ದಿನವಲ್ಲ’ ಎಂದು ಬರೆದು ಸಹಿ ಹಾಕಿ. ಹಾಕಿದ ಹೊತ್ತು, ತೆಗೆದ ಹೊತ್ತು ನಾನು ಬರೆದುಕೊಳ್ಳುತ್ತೇನೆ. ನಿಮ್ಮ ಸಮಯ ಹೆಚ್ಚು ಹಿಡಿಯುವುದಿಲ್ಲ. ಹದಿನೆಂಟೇ ನಿಮಿಷ.

ಇಂತಿ,
‘ಕೆಲಸ ಬೇಗ ಮುಗಿಯುತ್ತಿದೆ’ ಎಂದು ತನ್ನ ಕೈಯಾರೆ ಬರೆದ ತಂಗಿ