ಹದಿನೇಳನೇ ಟೆಸ್ಟರ್

ಮನೆಯಿಂದ,
ಮಾರ್ಚ್ ೯, ಭಾನುವಾರ

ನನ್ನ ಮೊಂಡು ಮರಿಗೆ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಕೂತಲ್ಲೇ ಕೂರಬೇಡ, ಗಂಟೆಗೊಮ್ಮೆಯಾದರೂ ಎದ್ದು ಓಡಾಡು. ಬೆನ್ನುನೋವಿನ ವಿಷಯ ನಿನ್ನ ಅಕ್ಕ ಹೇಳಿದ್ದಲ್ಲ, ನೀನೇ ನನಗೆ ಬರೆದದ್ದು. ನನಗೆ ಎಂದು ತಿಳಿಯದೆ ಬರೆದೆ, ಅಷ್ಟೇ. ನೀನು ಮಾಡುತ್ತಿರುವ ಕಂಪ್ಯೂಟರ್ ಗೇಮ್ ಆಡಿ ತಪ್ಪು ಹೇಳುವ ಹದಿನೇಳನೇ ಟೆಸ್ಟರ್, 'ಹಳೇಕತ್ತರಿ' ಎಂದು ಹೆಸರಿಟ್ಟುಕೊಂಡು ಮೂರು ವಾರದಿಂದ ನಿನ್ನ ಜೀವ ತಿನ್ನುತ್ತಿರುವವನು, ನೀನು 'ಕತ್ತರಿ ಸರ್' ಎಂದು ಕರೆಯುವ ಆ ಮಹಾಶಯ, ನಾನೇ. ಹೆರಿಗೆ ವಾರ್ಡಿನಲ್ಲಿ ಮೂವತ್ತಾರು ವರ್ಷ 'ಸಿಸ್ಟರ್' ಅನ್ನಿಸಿಕೊಂಡವಳು ಈ ವಯಸ್ಸಿಗೆ ನಿನ್ನ ಬಾಯಲ್ಲಿ ಸರ್ ಆದೆ.

ಅಕ್ಕನ ಮೇಲೆ ಹಾರಾಡಬೇಡ. ನೀನು ಅವಳಿಗೆ ಕಳಿಸಿದ ಆಟ ಅದು. ಅವಳಿಗೆ ಬ್ಯಾಂಕಿನ ಕೆಲಸದಲ್ಲಿ ಪುರುಸೊತ್ತಿಲ್ಲ, ಕಂಪ್ಯೂಟರಿನಲ್ಲಿ ಹಾಕಿ ಹಾಗೇ ಬಿಟ್ಟಿದ್ದಳು. ಒಂದು ಮಧ್ಯಾಹ್ನ ಏನಿದು ನೋಡೋಣ ಎಂದು ಕೂತೆ. ನೀನು ಮನೆ ಬಿಡುವ ದಿನ "ಗೊಂಬೆ ಕುಣಿಸಿಕೊಂಡು ಬದುಕೋಕಾಗುತ್ತೇನೋ?" ಅಂದಿದ್ದೆನಲ್ಲ, ಗೊಂಬೆ ಹೇಗೆ ಕುಣಿಯುತ್ತದೆ ಎಂದು ನೋಡುವ ಹಟ. ಮೊದಲ ಎರಡು ದಿನ ಆಟದೊಳಗಿನ ನನ್ನ ವೀರ ಬಾವಿಕಟ್ಟೆಗೂ ಗೋಡೆಗೂ ನಡುವೆ ಸಿಕ್ಕಿಕೊಂಡು ನಿಂತಲ್ಲೇ ಓಡಿದ. ಮೂರನೇ ದಿನ ಅವನನ್ನು ಬಿಡಿಸಿಕೊಂಡು, ನಿನಗೆ ಮೊದಲ ದೂರು ಬರೆದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಎಷ್ಟು ಮರ್ಯಾದೆಯ ಉತ್ತರ! ನನ್ನ ಮಗ ಹೊರಗಿನವರ ಹತ್ತಿರ ಹೀಗೆ ಮಾತಾಡುತ್ತಾನೆಯೇ ಎಂದು ಎರಡು ಸಲ ಓದಿದೆ. ಆಮೇಲೆ ಬಿಡಲಾಗಲಿಲ್ಲ. ಅಕ್ಷರ ಇರುವೆಯಷ್ಟಿದೆ, ಚೀಲದಲ್ಲಿಟ್ಟ ಬೇರು ಹುಡುಕುವಷ್ಟರಲ್ಲಿ ಗಾಯಾಳು ಸಾಯುತ್ತಾನೆ, ಕೆಳಗೆ ಬೆಂಕಿ ಉರಿಯುತ್ತಿದ್ದರೂ ಹಂಡೆ ಮುಟ್ಟಿದರೆ 'ತಣ್ಣೀರು' ಎಂದು ಬರುತ್ತದೆ... ಎಲ್ಲ ನಾನು ಬರೆದೆ, ಎಲ್ಲ ನೀನು ಸರಿಮಾಡಿದೆ.

ಜಗಳ ಹತ್ತಿದ್ದು ನಿನ್ನ ಆಟದ ಸೂಲಗಿತ್ತಿಯಿಂದ. ವೀರನಿಗೆ ವಿಷದ ಬಾಣ ತಗುಲಿ ಜ್ವರ ಏರುತ್ತದೆ. ಹೊಳೆಯಾಚೆ ಹೆರಿಗೆ ಮಾಡಿಸುತ್ತಿದ್ದ ಸೂಲಗಿತ್ತಿ ಅರ್ಧಕ್ಕೇ ಎದ್ದು, ಔಷಧದ ಬೇರು ಹಿಡಿದು ಓಡಿಬರುತ್ತಾಳೆ. ಬೇರು ಅವನ ಕೈಗಿಡುತ್ತಾಳೆ, ಡ್ರ್ಯಾಗನ್ ಅವಳನ್ನು ಸುಡುತ್ತದೆ. ನನ್ನ ಹಾಗೇ ಎಡಗಾಲು ಎಳೆದು ನಡೆಯುವ ಆ ಹೆಂಗಸು ಯಾರೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಾಯಿಸಿದ್ದಕ್ಕೆ ಬೇಜಾರಾಗಲಿಲ್ಲ ಕಣೋ. ಆದರೆ ಅಲ್ಲಿ ನೋವು ತಿನ್ನುತ್ತಿದ್ದ ಬಸುರಿ ಏನಾದಳು? ನಾಲ್ಕು ಸಲ ಆಟ ಮೊದಲಿಂದ ಆಡಿ, ನಾಲ್ಕು ಸಲವೂ ಹೊಳೆ ದಾಟಿ ಹೋಗಿ ನೋಡಿದೆ. ಗುಡಿಸಲಿನ ಬಾಗಿಲು ತೆರೆಯುವುದೇ ಇಲ್ಲ. ಒಳಗಿಂದ ಸದ್ದೂ ಇಲ್ಲ. 'ಯಾವ ಸೂಲಗಿತ್ತಿಯೂ ಹೀಗೆ ಅರ್ಧಕ್ಕೆ ಏಳುವುದಿಲ್ಲ, ಇದು ತಪ್ಪು' ಎಂದು ಬರೆದೆ. 'ಸರ್, ಇದು ಫ್ಯಾಂಟಸಿ' ಅಂದೆ ನೀನು. 'ಡ್ರ್ಯಾಗನ್ ಫ್ಯಾಂಟಸಿ, ಹೆರಿಗೆನೋವು ಅಲ್ಲ' ಅಂದೆ ನಾನು. ನಾಲ್ಕನೇ ದಿನ ನಿನ್ನ ಉತ್ತರ ಬಂತು: 'ಸರ್, ನನಗೆ ಒಂಬತ್ತು ವರ್ಷ ಇದ್ದಾಗ ಜ್ವರದಲ್ಲಿ ಮಲಗಿದ್ದೆ. ಹೋಗಬೇಡ ಅಂತ ಸೆರಗು ಹಿಡ್ಕೊಂಡೆ. ಅಮ್ಮ ಬೆರಳು ಬಿಡಿಸಿ, ಬ್ಯಾಗ್ ತಗೊಂಡು ಯಾರದೋ ಹೆರಿಗೆಗೆ ಹೊರಟುಹೋದ್ರು. ನನ್ನ ಆಟದಲ್ಲಾದ್ರೂ ಒಂದು ಸಲ ಎದ್ದು ಬರಲಿ ಬಿಡಿ.'

ಓದಿ ಎದ್ದುಹೋಗಿ ಒಣಗಿದ ಬಟ್ಟೆಯನ್ನೆಲ್ಲ ಮಡಿಸಿದೆ. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದೆ. ಅದಕ್ಕೆ ಉತ್ತರ ಈಗ ಕೊಡುತ್ತಿದ್ದೇನೆ.

ಆ ಮಧ್ಯಾಹ್ನ ನಾನು ಹೋದದ್ದು ಗಾರೆಕೆಲಸದವನ ಹೆಂಡತಿಯ ಹೆರಿಗೆಗೆ. ಮಗು ಕಾಲು ಮುಂದಾಗಿ ಬರುತ್ತಿತ್ತು. ಆಸ್ಪತ್ರೆಗೆ ಸಾಗಿಸುವಷ್ಟು ಹೊತ್ತಿರಲಿಲ್ಲ. ನಿನಗೆ ಮಾತ್ರೆ ಕೊಟ್ಟಿದ್ದೆ, ಜ್ವರ ಇಳಿಯುತ್ತಿತ್ತು, ಅಕ್ಕ ಹಣೆಗೆ ಒದ್ದೆಬಟ್ಟೆ ಹಾಕುತ್ತಾ ಪಕ್ಕದಲ್ಲೇ ಇದ್ದಳು. ಇಲ್ಲಿ ನಾನಿಲ್ಲದಿದ್ದರೂ ನಡೆಯುತ್ತಿತ್ತು, ಅಲ್ಲಿ ನಡೆಯುತ್ತಿರಲಿಲ್ಲ. ತಾಯಿ, ಮಗು ಇಬ್ಬರೂ ಉಳಿದರು. ಇದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ನಾಳೆ ಅಂಥದೇ ಕರೆ ಬಂದರೆ ನಿನ್ನ ಬೆರಳು ಬಿಡಿಸಿಕೊಂಡು ಮತ್ತೆ ಹೋಗುತ್ತೇನೆ. ಬೇಕಾದರೆ ಕೋಪ ಇಟ್ಟುಕೋ, ಅದು ನಿನ್ನ ಹಕ್ಕು. ಆದರೆ ಮುಸ್ಸಂಜೆ ಮನೆಗೆ ಬಂದವಳು ಕೈ ತೊಳೆದು ನಿನಗೆ ಗಂಜಿ ಕುಡಿಸಿದೆನೇ ಹೊರತು, ಎಲ್ಲಿ ಹೋಗಿದ್ದೆ, ಅಲ್ಲಿ ಏನಾಯಿತು ಎಂದು ಒಂದು ಮಾತು ಹೇಳಲಿಲ್ಲ. ಮಕ್ಕಳಿಗೆ ಯಾಕೆ ಇದೆಲ್ಲ ಎಂದುಕೊಂಡೆ. ಇಷ್ಟು ವರ್ಷವೂ ಹೇಳಲಿಲ್ಲ. ಅದು ನನ್ನ ತಪ್ಪು. ನೀನು ನೋಡಿದ್ದು ಮುಚ್ಚಿದ ಬಾಗಿಲನ್ನು ಮಾತ್ರ, ಆಟದಲ್ಲಿಯೂ ಅದನ್ನೇ ಇಟ್ಟಿದ್ದೀಯ.

ಈಗ ನಿನ್ನೆ ನಿನ್ನಿಂದ ಬಂದ ಮೇಲ್‌ನ ವಿಷಯ. 'ಎಲ್ಲ ಟೆಸ್ಟರ್‌ಗಳಿಗೂ ಧನ್ಯವಾದ, ಈ ತಿಂಗಳ ಕೊನೆಗೆ ಆಟ ನಿಲ್ಲಿಸುತ್ತಿದ್ದೇನೆ, ಮಾಮನ ಬಣ್ಣದ ಅಂಗಡಿಗೆ ಸೇರುತ್ತಿದ್ದೇನೆ.' ಹೀಗೆ ಬರೆಯಲು ನಾಚಿಕೆಯಾಗಲಿಲ್ಲವೇ? ನಾಲ್ಕು ವರ್ಷ ಈ ಆಟವನ್ನು ಹೊತ್ತಿದ್ದೀಯ. ಒಂಬತ್ತು ತಿಂಗಳು ಹೊತ್ತು, ಹೆರುವ ಹೊತ್ತಿಗೆ 'ಸಾಕು, ಏಳುತ್ತೇನೆ' ಎನ್ನುವವರನ್ನು ನಾನು ಕಂಡಿದ್ದೇನೆ. ಅವರೆಲ್ಲರಿಗೂ ಬೈದಿದ್ದೇನೆ, ನಿನಗೂ ಬೈಯುತ್ತೇನೆ. ಅಂದು ಗೊಂಬೆ ಕುಣಿಸುವುದು ಅಂದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಜ್ವರದ ದಿನ ಹೋದದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಎರಡನ್ನೂ ಕಲಸಿ ಒಂದು ಮಾಡಬೇಡ.

ನನ್ನ ಕೊನೆಯ ಫೀಡ್‌ಬ್ಯಾಕ್ ಇಷ್ಟೇ. ಸೂಲಗಿತ್ತಿ ಸಾಯಬೇಕೆಂದಿದ್ದರೆ ಸಾಯಲಿ, ನನ್ನ ಮುಖ ನೋಡಿ ಉಳಿಸಬೇಡ. ಆದರೆ ಕೆಲಸದ ಮಧ್ಯೆ ಅವಳನ್ನು ಎಬ್ಬಿಸಬೇಡ. ಆ ಬಾಗಿಲು ತೆಗೆ. ನಿನ್ನ ವೀರನಿಗೆ ಜ್ವರವಿದ್ದರೂ ಸರಿ, ತೂರಾಡಿಕೊಂಡು ಅವನೇ ಹೊಳೆ ದಾಟಿ ಬರಲಿ, ಅವಳ ಪಕ್ಕ ಕೂತು ಬಿಸಿನೀರು ಕೊಡಲಿ, ದೀಪ ಹಿಡಿಯಲಿ. ಒಳಗೆ ಏನಿರುತ್ತದೆ, ಯಾರು ಹೇಗೆ ಕೂಗುತ್ತಾರೆ, ಮಗು ಅಳದಿದ್ದರೆ ಏನು ಮಾಡುತ್ತೇವೆ, ಎಲ್ಲ ಹೇಳುತ್ತೇನೆ, ಬರೆದುಕೋ.

ಅಕ್ಕ ಕೇಳಿದಳೆಂದು ಹೇಳು ಅಂದಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕಣ್ಣಿಗೆ ಆಯಾಸ ಮಾಡಿಕೊಳ್ಳಬೇಡ. ನೂರು ಕಾಲ ಚೆನ್ನಾಗಿ ಬಾಳು.

ಇಂತಿ,
ನಿನ್ನ ಅಮ್ಮ

ತಾ.ಕ.: ಬೆಳಿಗ್ಗೆಯೇ ಮಾಮನ ಅಂಗಡಿಗೆ ಹೋಗಿ "ಅವನು ಬರಲ್ಲ, ಬೇರೆಯವರನ್ನ ನೋಡ್ಕೋ" ಅಂತ ಹೇಳಿಬಂದೆ. ನಿನ್ನನ್ನು ಕೇಳಲಿಲ್ಲ, ಕೇಳಿದ್ದರೆ ನೀನು ಬೇಡವೆನ್ನುತ್ತಿದ್ದೆ. ನನ್ನ ತಮ್ಮ ತಾನೆ, ನಾಲ್ಕು ದಿನ ಮುಖ ಊದಿಸಿಕೊಂಡಿರುತ್ತಾನೆ, ಇರಲಿ. ನಿನಗೂ ಸಿಟ್ಟು ಬರುತ್ತದೆ, ಗೊತ್ತು. ಈ ಸಲ ಕತ್ತರಿ ಸರ್‌ಗೆ ಬರೆಯಬೇಡ. ಫೋನ್ ಮಾಡಿ ಬೈ. ಹದಿನಾಲ್ಕು ತಿಂಗಳಾಯಿತು ನಿನ್ನ ದನಿ ಕೇಳಿ.