ಸುತ್ತಿಗೆ ಕೇಳಿದ ಕೈ

ಮನೆಯಿಂದ,
ಸೋಮವಾರ, ತಾರೀಖು ಹದಿನಾಲ್ಕು, ಮಧ್ಯಾಹ್ನ.

ನನ್ನ ಮುದ್ದು ಸುತ್ತಿಗೆಗೆ,

ಈ ಹೆಸರಿನಿಂದ ಕರೆಯಬೇಡವೆಂದು ನೀನು ಹೇಳಿ ಎರಡು ವರ್ಷವಾಯಿತು. ಚೀಟಿ ಕಟ್ಟಿ ಕೋರ್ಟಿನ ಮೇಜಿನ ಮೇಲೆ ಮಲಗಿಸಿದ್ದ ಆ ಕಬ್ಬಿಣದ ಹೆಸರನ್ನು ವಕೀಲರು ಅಷ್ಟು ಸಲ ಹೇಳಿದ ಮೇಲೆ ನಾನೂ ಬಿಟ್ಟುಬಿಟ್ಟಿದ್ದೆ. ಇವತ್ತು ಒಂದು ಸಲ ಕರೆಯುತ್ತೇನೆ, ಕಾರಣವಿದೆ, ಸಿಡುಕಬೇಡ. ಮೈ ಹೇಗಿದೆ? ಹಲ್ಲುನೋವು ಹೋಯಿತೇ? ಹೊಟ್ಟೆ ತುಂಬ ಉಣ್ಣುತ್ತಿದ್ದೀಯಾ, ಇಲ್ಲ ಅಲ್ಲೂ ಉಪ್ಪು ಕಡಿಮೆಯೆಂದು ತಟ್ಟೆ ಸರಿಸುತ್ತೀಯಾ? ನಾನು ಕೋಲು ಹಿಡಿದು ಬಚ್ಚಲಿನವರೆಗೆ ಹೋಗಿಬರುತ್ತೇನೆ. ಹೊಲಿಗೆ ಮಿಷನ್ ತುಳಿಯಲು ಸೊಂಟ ಬಿಡದು, ಅದಕ್ಕೇ ದಿಂಬಿನ ಚೀಲಗಳಿಗೆ ಕೈಹೊಲಿಗೆ ಹಾಕುತ್ತ ಕೂತಿರುತ್ತೇನೆ. ಈ ಕಾಗದವನ್ನು ನಿನಗಿಂತ ಮೊದಲು ಜೈಲಿನ ಸಾಹೇಬರು ಓದುತ್ತಾರಂತೆ. ಓದಲಿ ಬಿಡು. ನಮ್ಮ ಮನೆಯ ಮಾನವೆಲ್ಲ ಈಗಾಗಲೇ ಫೈಲಿನಲ್ಲಿದೆ, ಹೊಸದಾಗಿ ಹೋಗುವುದು ಏನೂ ಇಲ್ಲ.

ನಿಮ್ಮಪ್ಪ ಹೋದ ಶುಕ್ರವಾರ ಮಧ್ಯಾಹ್ನ ಆಸ್ಪತ್ರೆಯಲ್ಲಿ ಸತ್ತ. ನಿನಗೆ ಅಲ್ಲಿಯವರು ಒಂದು ಸಾಲಿನಲ್ಲಿ ತಿಳಿಸಿದ್ದಾರಂತೆ. ನಾನು ಉಳಿದದ್ದನ್ನು ಬರೆಯುತ್ತಿದ್ದೇನೆ. ಏಕವಚನದಲ್ಲಿ ಬರೆದಳಲ್ಲ ಎಂದು ಹುಬ್ಬೇರಿಸಬೇಡ. ಇಪ್ಪತ್ತೇಳು ವರ್ಷ ಬಹುವಚನ ಕೊಟ್ಟು ಕೊಟ್ಟು ಸಾಕಾಗಿದೆ.

ಮೊದಲು ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಮುಂದಿನದನ್ನು ಓದುವಾಗ ಅಮ್ಮ ಇದನ್ನೆಲ್ಲ ಮರೆತಳು ಎಂದು ನೀನು ಅಂದುಕೊಳ್ಳಬಾರದು. ಲಾರಿಗಳ ನೆಗ್ಗು ತೆಗೆಯುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಅದೇ ಕೈ ಮನೆಗೆ ಬಂದರೆ ನೆಗ್ಗು ಹಾಕುತ್ತಿತ್ತು, ಪಾತ್ರೆಗೆ, ಬಾಗಿಲಿಗೆ, ನನಗೆ. ನಿನಗೆ ಒಂಬತ್ತು ವರ್ಷವಿದ್ದಾಗ ನಿನ್ನ ಕಾಲು ಹಿಡಿದು ತಲೆಯನ್ನು ನೀರಿನ ಡ್ರಮ್ಮಿನಲ್ಲಿ ಅದ್ದಿದ. ನಾನು ಅವನ ಮಣಿಕಟ್ಟು ಕಚ್ಚಿ ನಿನ್ನನ್ನು ಬಿಡಿಸಿಕೊಂಡೆ. ಬಾಯಿಗೆ ರಕ್ತದ ಜೊತೆ ಗ್ರೀಸು ಬಂತು. ಕೊನೆಗೆ ಆ ಭಾನುವಾರ ಕೂದಲು ಹಿಡಿದು ಕೆಡವಿ, ಜಾಕಿನ ಸಲಾಕೆಯಿಂದ ನನ್ನ ಸೊಂಟಕ್ಕೆ ಬಾರಿಸಿದ. ಒಣ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಅದು ನನ್ನೊಳಗಿನ ಸದ್ದೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಎರಡನೆಯ ಏಟಿಗೆ ಅವನು ಕೈ ಎತ್ತಿದಾಗ ನೀನು ಬಂದೆ. ನೀನು ಆ ಸುತ್ತಿಗೆಯಿಂದ ಹೊಡೆದದ್ದು ಒಂದೇ ಏಟು. ಅವನ ತಲೆಯ ಬಲಬದಿ ಒಳಗೆ ಹೋಯಿತು, ರಕ್ತ ಕ್ಯಾಲೆಂಡರಿಗೆ ಚಿಮ್ಮಿತು, ಅವನು ನನ್ನ ಮೇಲೆಯೇ ಬಿದ್ದ. ಆದರೂ ಬದುಕಿದ. ನೆಟ್ಟಗೆ ನಿಲ್ಲುವಂತಾದ ಮೇಲೆ ಕೋರ್ಟಿಗೆ ಬಂದು, ಬೆರಳು ತೋರಿಸಿ, ಇವನೇ ಅಂದ. ನನ್ನ ಸೊಂಟದ ಮಾತು ಬಂದಾಗ, ಅವಳು ಜಾರಿ ಬಿದ್ದಳು ಅಂದ. ನಿನಗೆ ನಾಲ್ಕು ವರ್ಷ ಹಾಕಿದರು. ಅವನು ಟೂಲ್ ಬಾಕ್ಸ್ ಎತ್ತಿಕೊಂಡು, ಎರಡು ದಿನದ ರೈಲು ದಾರಿಯ ಊರಿನಲ್ಲಿ ಗ್ಯಾರೇಜ್ ಸೇರಿದ. ಇದರಲ್ಲಿ ಒಂದನ್ನೂ ನಾನು ಮರೆತಿಲ್ಲ.

ಒಂದು ತಿಂಗಳ ಹಿಂದೆ ಆ ಊರಿನ ಆಸ್ಪತ್ರೆಯಿಂದ ನಮ್ಮ ಕಡೆಯವಳೇ ಒಬ್ಬ ನರ್ಸ್ ಫೋನ್ ಮಾಡಿದಳು. ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಬಣ್ಣದಲ್ಲಿ 'ಮನೆ' ಎಂದು ಬರೆದು ನನ್ನ ನಂಬರ್ ಹಾಕಿಕೊಂಡಿದ್ದನಂತೆ. ಲಿವರ್ ಪೂರ್ತಿ ಹಾಳಾಗಿದೆ, ವಿಷ ತಲೆಗೇರಿದೆ, ಹೆಚ್ಚು ದಿನವಿಲ್ಲ ಅಂದಳು. ಸಾಯಲಿ ಎಂದು ಫೋನ್ ಇಟ್ಟೆ. ಮರುದಿನ ಡ್ಯೂಟಿ ಮುಗಿಸಿ ಎರಡು ಗಂಟೆಗೆ ಮತ್ತೆ ಮಾಡಿದಳು. ಅದರ ಮರುದಿನವೂ ಮಾಡಿದಳು. ಬನ್ನಿ ಎನ್ನಲಿಲ್ಲ, ಅಳಿ ಎನ್ನಲಿಲ್ಲ. ಇವತ್ತು ಎರಡು ಚಮಚ ಗಂಜಿ ಕುಡಿದರು, ಇವತ್ತು ಸೂಜಿ ಕಿತ್ತು ಎಸೆದರು, ಇವತ್ತು ಆಯಾಳ ಕೈ ಕಚ್ಚಿ ರಕ್ತ ಬರಿಸಿದರು ಎಂದು ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದಳು. ಐದನೆಯ ದಿನ ನನ್ನ ಕಟ್ಟೆ ಒಡೆಯಿತು. ಡ್ರಮ್ಮು, ಸಲಾಕೆ, ಕೋರ್ಟು ಎಲ್ಲವನ್ನೂ ಅವಳ ಕಿವಿಗೆ ಸುರಿದೆ. ಕೊನೆಗೆ, "ಅಮ್ಮ, ಬೈಯೋದಿದ್ರೆ ದಿನಾ ನನಗೆ ಬೈರಿ. ಅವರಿಗೆ ಈಗ ಬೈಗುಳನೂ ತಿಳಿಯಲ್ಲ, ಸುಮ್ನೆ ದಂಡ ಆಗುತ್ತೆ," ಅಂದಳು. ನನಗೆ ಅಳುವಿನ ನಡುವೆ ನಗು ಬಂತು. ಅಂದಿನಿಂದ ಎರಡು ಗಂಟೆಯಾದರೆ ಸೂಜಿ ಕೆಳಗಿಟ್ಟು ಕಾಯುತ್ತಿದ್ದೆ. ಅಷ್ಟು ವರ್ಷ ನುಂಗಿದ ಬೈಗುಳವೆಲ್ಲ ಹೊರಗೆ ಬಂತು. ನನಗೆ ಅಷ್ಟೊಂದು ಬೈಗುಳ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಮೂರನೆಯ ವಾರ ಅವನು ಕೈ ಚಾಚಲು ಶುರು ಮಾಡಿದ. ಮಂಚದ ಪಕ್ಕಕ್ಕೆ ಬಲಗೈ ಇಳಿಬಿಟ್ಟು, ಅಂಗೈ ಬಿಚ್ಚಿ, ಸುತ್ತಿಗೆ, ಸುತ್ತಿಗೆ ಎಂದು ಕೂಗುತ್ತಿದ್ದನಂತೆ. ಕೆಲಸಗಾರನ ಕೈ, ತನ್ನ ಸಾಮಾನು ಕೇಳುತ್ತಿದೆ ಎಂದುಕೊಂಡಳು ಪಾಪ. ಲೋಟ ಎತ್ತಲೂ ಶಕ್ತಿಯಿಲ್ಲದವನು, ಹಿಡಿದು ಸಮಾಧಾನಪಟ್ಟುಕೊಳ್ಳಲಿ ಎಂದು ಆಸ್ಪತ್ರೆಯ ಬಡಗಿಯ ಹತ್ತಿರ ಚಿಕ್ಕ ಸುತ್ತಿಗೆ ಕೇಳಿ ತಂದು ಅಂಗೈಯಲ್ಲಿಟ್ಟಳು. ಅವನು ಅದನ್ನೊಮ್ಮೆ ನೋಡಿ, ಇದಲ್ಲ, ಸುತ್ತಿಗೆ ಎಂದು ಅಬ್ಬರಿಸಿ ಬೀಸಿದ. ಎಲ್ಲಿತ್ತೋ ಆ ಶಕ್ತಿ, ಅವಳ ಎಡ ಮುಂಗೈಯ ಮೂಳೆ ಲಟಕ್ಕೆಂದು ಮುರಿಯಿತು. ಆಮೇಲೆ ಕಿಟಕಿಗೆ ಎಸೆದ. ಗಾಜು ಪುಡಿಯಾಗಿ ಪಕ್ಕದ ಹಾಸಿಗೆಯ ಮುದುಕನ ಹೊದಿಕೆಯ ಮೇಲೆಲ್ಲ ಬಿತ್ತು. ನಾಲ್ಕು ಜನ ಸೇರಿ ಅವನ ಎರಡೂ ಕೈಗಳನ್ನು ಮಂಚದ ಸರಳಿಗೆ ಬಟ್ಟೆಯಿಂದ ಕಟ್ಟಿದರು. ಅವಳು ಮೇಲಿನವರಿಂದ ಚೆನ್ನಾಗಿ ಬೈಸಿಕೊಂಡಳು, ಸರಿಯಾಗಿಯೇ ಬೈದಿದ್ದಾರೆ. ಮರುದಿನ ಎರಡು ಗಂಟೆಗೆ ಮತ್ತೆ ಅವಳ ಫೋನ್ ಬಂತು. ಕೈಗೆ ಪ್ಲಾಸ್ಟರ್ ಹಾಕಿದ್ದಾರೆ, ಪರವಾಗಿಲ್ಲ ಬಿಡಿ ಎಂದು, ನನ್ನನ್ನು ಒಂದೇ ಒಂದು ಮಾತು ಕೇಳಿದಳು. ಅವರಿಗೆ ಬೇಕಾದದ್ದು ಯಾವ ಸುತ್ತಿಗೆ?

ನನಗೆ ಅವಳು ಕೇಳುವ ಮೊದಲೇ ತಿಳಿದಿತ್ತು. ಲಾರಿಯ ಕೆಳಗೆ ಅಂಗಾತ ಮಲಗಿ ಹೀಗೇ ಕೈ ಹೊರಗೆ ಚಾಚಿ, ಸುತ್ತಿಗೆ ಎಂದು ಕೂಗುತ್ತಿದ್ದ. ನಾಲ್ಕು ವರ್ಷದ ನೀನು ಎರಡೂ ಕೈಯಲ್ಲಿ ಅದನ್ನು ಎಳೆದುಕೊಂಡು ಬಂದು, 'ತಂದೆ' ಅನ್ನುತ್ತಿದ್ದೆ. ಕೆಳಗಿನಿಂದ ಅವನು, "ತಂದೆ ನಾನು ಕಣೋ, ನೀನು ಮಗ," ಎಂದು ನಗುತ್ತಿದ್ದ. ದಿನಕ್ಕೆ ಹತ್ತು ಸಲ ಅದೇ ಮಾತು, ಅದೇ ನಗು. ಸುತ್ತಿಗೆ ತರುವ ನಿನಗೇ ಕೊನೆಗೆ ಆ ಹೆಸರು ಅಂಟಿತು. ಅವನ ಮುಖ ಲಾರಿಯ ಕೆಳಗಿದ್ದು ಕೈ ಮಾತ್ರ ಹೊರಗಿರುವಷ್ಟು ಹೊತ್ತು ನಮ್ಮ ಮನೆಯಲ್ಲಿ ಸುಖವಿತ್ತು. ಇದನ್ನು ನರ್ಸ್‌ಗೆ ನಾನು ಹೇಳಲಿಲ್ಲ. ಗೊತ್ತಿಲ್ಲ ಅಂದೆ. ಕರೆದು ಕರೆದು ಸಾಯಲಿ, ಇವನೇ ಎಂದು ಬೆರಳು ತೋರಿಸಿದ ಕೈ ಹಾಗೇ ಖಾಲಿ ಇರಲಿ ಎಂಬ ಹಟ. ಮೂರು ದಿನ ಹೀಗೇ ಇದ್ದೆ. ನಾಲ್ಕನೆಯ ದಿನ ಅವಳು, "ಕ್ಷಮಿಸಿ ಅಂತ ನಾನು ಹೇಳಲ್ಲಮ್ಮ, ಅದು ನಿಮ್ಮ ಮನೆ ವಿಷಯ. ಆದ್ರೆ ಕೂಗಿ ಕೂಗಿ ಗಂಟಲಲ್ಲಿ ರಕ್ತ ಬರ್ತಿದೆ. ನನಗೆ ನೋಡೋಕೆ ಆಗ್ತಿಲ್ಲ," ಅಂದಳು. ಕೈ ಮುರಿಸಿಕೊಂಡವಳು ಅವಳು. ನನ್ನಂತೆಯೇ ಅವನ ಏಟು ತಿಂದವಳ ಮುಂದೆ ನನ್ನ ಹಟ ನಿಲ್ಲಲಿಲ್ಲ, ಹೇಳಿಬಿಟ್ಟೆ.

ನೀನು ಅವನೊಂದಿಗೆ ಫೋನಿನಲ್ಲಿ ಮಾತಾಡಲೆಂದು ಅವಳೇ ನಿಮ್ಮ ಜೈಲಿನ ಸಾಹೇಬರಿಗೆ ಫೋನ್ ಮಾಡಿ ಕಾಡಿ ಬೇಡಿ ಒಪ್ಪಿಸಿದಳು. ನಿನ್ನನ್ನು ಕರೆಯಲು ಬಂದರೆ, ನನಗೆ ಅಪ್ಪ ಇಲ್ಲ ಅಂತ ಹೇಳಿ ಎಂದೆಯಂತೆ. ನಾನು ಅದಕ್ಕೆ ಏನೂ ಅನ್ನುವುದಿಲ್ಲ. ಅವಳೂ, ನಿಮ್ಮ ಮಗ ಹೇಳಿದ್ರಲ್ಲಿ ತಪ್ಪಿಲ್ಲ ಬಿಡಿ ಅಂದಳು.

ಶುಕ್ರವಾರ ಎರಡು ಗಂಟೆಗೆ ಫೋನ್ ಬಂದಾಗ ಅವನ ಉಸಿರು ಮೇಲಕ್ಕೆ ಹತ್ತಿತ್ತು. ಅವಳು ಬಲಗೈಯ ಕಟ್ಟು ಬಿಚ್ಚಿದ್ದಳು; ಬಿಚ್ಚಬಾರದೆಂದು ಅಪ್ಪಣೆಯಾಗಿದ್ದರೂ ಬಿಚ್ಚಿದ್ದಳು. ಅವನು ಕೈ ಚಾಚಿ, ದನಿಯೇ ಇಲ್ಲದ ಬಾಯಲ್ಲಿ, ಸುತ್ತಿಗೆ ಅಂದ. ನರ್ಸ್ ತನ್ನ ಕೈಯನ್ನು ಅವನ ಅಂಗೈಯಲ್ಲಿಟ್ಟು, 'ತಂದೆ' ಅಂದಳು. ಅವನು, ತಂದೆ ನಾನು ಕಣೋ ಅಂದ. ಬೆರಳು ಮಡಚಿಕೊಂಡವು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಮಣ್ಣು ಮಾಡುವಾಗ ಅವಳೇ ರಜೆ ಹಾಕಿ ನಿಂತಿದ್ದಳಂತೆ. ಟೂಲ್ ಬಾಕ್ಸನ್ನು ಪಾರ್ಸೆಲ್ ಮಾಡಿದ್ದಾಳೆ. ಬಂದರೆ ಮಂಚದ ಕೆಳಗೆ ತಳ್ಳಿರುತ್ತೇನೆ, ನೀನು ಬಂದು ಇಡುವುದೋ ಎಸೆಯುವುದೋ ನೋಡು.

ಹಲ್ಲಿನ ವಿಷಯ ಅಲ್ಲಿಯ ಡಾಕ್ಟರಿಗೆ ಹೇಳು, ನಾಚಿಕೊಳ್ಳಬೇಡ. ಯಾರ ಜೊತೆಯೂ ಕೈ ಕೈ ಮಿಲಾಯಿಸಬೇಡ, ನಮ್ಮ ಮನೆಯ ಪಾಲಿನದು ಆಗಿಹೋಗಿದೆ. ತಣ್ಣಗಿರು ಮಗನೇ, ನನ್ನ ಆಯುಸ್ಸೂ ನಿನಗೇ ಸೇರಲಿ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದ್ದೇನೆ. ನರ್ಸ್ 'ತಂದೆ' ಅಂದದ್ದು ನಿಜ, ಆದರೆ ನಿಮ್ಮಪ್ಪ ಮುಖ ತಿರುಗಿಸಿ, ಇದಲ್ಲ ಅಂದರು. ಆಗ ಅವಳು ಏನೂ ಕೇಳದೆ ಫೋನನ್ನು ಅವರ ಕಿವಿಗೆ ಹಿಡಿದಳು. ಅವರ ಉಸಿರು ನನಗೆ ಕೇಳುತ್ತಿತ್ತು. ನಿನ್ನ ನಾಲ್ಕು ವರ್ಷದ ದನಿ ತೆಗೆದು ನಾನು 'ತಂದೆ' ಅಂದೆ. ಅವರು ನಕ್ಕರು. (ನೋಡು, ಮತ್ತೆ ಬಹುವಚನ ಬಂತು.) ನನ್ನ ಸೊಂಟಕ್ಕಾಗಿ ನೀನು ನಾಲ್ಕು ವರ್ಷ ಕೊಟ್ಟೆ, ನಾನು ನಿನ್ನನ್ನು ಒಂದು ಮಾತೂ ಕೇಳದೆ ನಿನ್ನ ದನಿಯನ್ನು ಅವರಿಗೆ ಕೊಟ್ಟುಬಿಟ್ಟೆ. ಬೈಯುವುದಿದ್ದರೆ ಎದುರಿಗೇ ಬೈ. ಸೊಂಟ ಮುರಿದ ಮೇಲೆ ಮೊದಲ ಸಲ ಬಸ್ಸು ಹತ್ತುತ್ತಿದ್ದೇನೆ, ಬರುವ ಭಾನುವಾರ ಅಲ್ಲಿರುತ್ತೇನೆ. ಭೇಟಿಗೆಂದು ನಿನ್ನ ಹೆಸರು ಕೂಗಿದಾಗ, ನನಗೆ ಅಮ್ಮ ಇಲ್ಲ ಎಂದು ಹೇಳಿ ಕಳಿಸಬೇಡ.